ಎಳೆಯ ವಿದ್ಯಾರ್ಥಿಗಳ ದೃಷ್ಟಿಯಲ್ಲಿ ಉಪಾಧ್ಯಾಯರ ತಿದ್ದುಪಡಿ: ಒಂದು ವಿಮರ್ಶೆ

ಪ್ರಾಥಮಿಕ ಶಾಲೆಯ ಮಗು ಬರೆದ ಪುಟದ ಮೇಲೆ ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ಮಾಡುವ ಗುರುತುಗಳು ಶಿಕ್ಷಣಶಾಸ್ತ್ರದ ಚರ್ಚೆಗೆ ಬಂದು ಬಹುಕಾಲವಾಯಿತು. ಆ ಗುರುತುಗಳನ್ನು ಹೇಗೆ ಮಾಡಬೇಕು, ಎಷ್ಟು ಮಾಡಬೇಕು, ಎಷ್ಟು ದಿನಗಳೊಳಗೆ ಮಾಡಿ ಹಿಂದಿರುಗಿಸಬೇಕು ಎಂಬ ವಿಷಯವಾಗಿ ಬೋಧನ ವಿಧಾನದ ಗ್ರಂಥಗಳಲ್ಲಿ ಅಧ್ಯಾಯಗಳೇ ಇವೆ. ಆದರೆ ಅವುಗಳನ್ನು ಮಗು ಹೇಗೆ ಓದುತ್ತದೆ ಎಂಬ ಪ್ರಶ್ನೆಯನ್ನು ಎತ್ತಿದವರು ಕಡಮೆ. ಬರೆದವರ ಮನಸ್ಸಿನಲ್ಲಿದ್ದ ಅರ್ಥವೇ ಓದಿದವರ ಮನಸ್ಸಿಗೂ ಮುಟ್ಟುತ್ತದೆಯೆಂದು ಭಾವಿಸಿಕೊಂಡೇ ಬಹುಪಾಲು ಚರ್ಚೆ ನಡೆದಿದೆ. ಕಾವ್ಯದ ವಿಷಯದಲ್ಲಿ ಇಂತಹ ಮಾತನ್ನು ಯಾರಾದರೂ ಆಡಿದರೆ ನಾವು ಒಪ್ಪುವುದಿಲ್ಲ. ಕವಿಯೊಡನೆ ಸಹೃದಯನನ್ನೂ ಕೇಳದೆ ಅರ್ಥವನ್ನು ನಿರ್ಣಯಿಸುವುದು ನಮ್ಮ ಅಲಂಕಾರಶಾಸ್ತ್ರಕ್ಕೆ ಸಮ್ಮತವಲ್ಲ. ಮಗುವಿನ ಪುಸ್ತಕದ ಅಂಚಿನಲ್ಲಿ ಬರೆದ ಎರಡು ಮಾತಿಗೂ ಒಬ್ಬ ಓದುಗನಿದ್ದಾನೆ. ಆ ಓದುಗನಿಗೆ ಆರೇಳು ವರ್ಷ ವಯಸ್ಸು ಎಂಬುದೊಂದೇ ವಿಶೇಷ. ಅವನ ಓದನ್ನು ಕುರಿತು ಈವರೆಗೆ ನಡೆದಿರುವ ಕೆಲವು ವಿಚಾರಗಳನ್ನು ಪರೀಕ್ಷಿಸಿ, ನಮ್ಮ ಕನ್ನಡ ಶಾಲೆಗಳಿಗೆ ಅವು ಎಷ್ಟರ ಮಟ್ಟಿಗೆ ಸಲ್ಲುತ್ತವೆಂಬುದನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನ 'ಫೀಡ್‌ಬ್ಯಾಕ್' ಎಂಬುದಕ್ಕೆ ನಮ್ಮ ಶಿಕ್ಷಣ ಗ್ರಂಥಗಳಲ್ಲಿ 'ಹಿಮ್ಮಾಹಿತಿ' ಎಂಬ ಪದ ರೂಢಿಗೆ ಬಂದಿದೆ. ಮೂಲಪದ ಶಾಲೆಯಲ್ಲಿ ಹುಟ್ಟಿದುದಲ್ಲ. ವಿದ್ಯುನ್ಮಂಡಲದಿಂದ ಹೊರಬಂದ ಶಕ್ತಿಯ ಒಂದಂಶವನ್ನು ಮರಳಿ ಒಳಕ್ಕೆ ಹಾಯಿಸುವ ಕ್ರಮಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಅದು. ೧೯೪೮ರಲ್ಲಿ ನಾರ್ಬರ್ಟ್ ವೀನರ್ ಅವರು ತಮ್ಮ 'ಸೈಬರ್ನೆಟಿಕ್ಸ್' ಗ್ರಂಥದಲ್ಲಿ ಆ ಭಾವನೆಯನ್ನು ಯಂತ್ರಗಳಿಗೂ ಜೀವಿಗಳಿಗೂ ಸಮಾನವಾಗಿ ಅನ್ವಯಿಸಿದರು. ಅಲ್ಲಿಂದ ಮುಂದೆ ಮನಶ್ಶಾಸ್ತ್ರದ ದಾರಿಯಾಗಿ ಅದು ತರಗತಿಯನ್ನು ಸೇರಿತು. ಈ ಪದದ ಲಕ್ಷಣವನ್ನು ಅತ್ಯಂತ ನಿಷ್ಠುರವಾಗಿ ಹೇಳಿದವರು, ಹೆಸರಿನಲ್ಲಿಯೇ ಹಾಸನ ಜಿಲ್ಲೆಯ ಊರೊಂದನ್ನು ಹೊತ್ತಿರುವ ಅರಕಲಗೂಡು ರಾಮಪ್ರಸಾದ್ ಅವರು. ೧೯೮೩ರ ಅವರ ಲೇಖನದ ಸಾರ ಇಷ್ಟು: ಇರುವ ಸ್ಥಿತಿಗೂ ಇರಬೇಕಾದ ಸ್ಥಿತಿಗೂ ನಡುವಣ ಅಂತರವನ್ನು ತಿಳಿಸುವ ಮಾಹಿತಿ ಹಿಮ್ಮಾಹಿತಿಯೆನಿಸಬೇಕಾದರೆ, ಆ ಅಂತರವನ್ನು ಬದಲಾಯಿಸಲು ಅದು ಬಳಕೆಯಾಗಿರಬೇಕು. ಬಳಕೆಯಾಗದೆ ಕಡತದಲ್ಲಿ ಉಳಿದುದು ಬರಿಯ ಮಾಹಿತಿ. ೧೯೮೯ರಲ್ಲಿ ಆಸ್ಟ್ರೇಲಿಯದ ರಾಯ್ಸ್ ಸ್ಯಾಡ್ಲರ್ ಅವರು ಈ ಲಕ್ಷಣವನ್ನು ಶಾಲೆಗೆ ತಂದು ಇನ್ನೊಂದು ಮಾತನ್ನು ಸೇರಿಸಿದರು. ಒಳ್ಳೆಯ ಕೆಲಸವೆಂದರೆ ಹೇಗಿರುತ್ತದೆ ಎಂಬುದರ ಕಲ್ಪನೆ ಉಪಾಧ್ಯಾಯರಲ್ಲಿ ಇದ್ದರೆ ಸಾಲದು, ವಿದ್ಯಾರ್ಥಿಯಲ್ಲಿಯೂ ಇರಬೇಕು. ಇಲ್ಲದಿದ್ದರೆ ಅಂತರವನ್ನು ಅಳೆಯುವುದಕ್ಕೇ ಅವನಿಗೆ ಸಾಧ್ಯವಿಲ್ಲ. ಈ ಎರಡು ಮಾತುಗಳನ್ನು ಒರೆಗಲ್ಲಾಗಿ ಇಟ್ಟುಕೊಂಡು ನೋಡಿದರೆ ನಮ್ಮ ಶಾಲೆಗಳಲ್ಲಿ ಖರ್ಚಾಗುವ ಕೆಂಪು ಶಾಯಿಯ ಬಹುಭಾಗ ಹಿಮ್ಮಾಹಿತಿಯ ಲೆಕ್ಕಕ್ಕೆ ಬಾರದು.

ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲಿಗೆ ಉದಾಹರಿಸುವುದು ಅಮೆರಿಕದ ಎಲಿಸ್ ಪೇಜ್ ಅವರು ೧೯೫೮ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ೭೪ ತರಗತಿಗಳ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಅದರಲ್ಲಿ ಭಾಗವಹಿಸಿದ್ದರು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಿಂದಿರುಗಿಸುವಾಗ ಒಂದು ಗುಂಪಿಗೆ ಅಂಕ ಮಾತ್ರ. ಎರಡನೆಯ ಗುಂಪಿಗೆ ಅಂಕದೊಡನೆ, ಶ್ರೇಣಿಗೊಂದರಂತೆ ಮೊದಲೇ ಗೊತ್ತುಮಾಡಿದ ಒಂದು ಉತ್ತೇಜಕ ವಾಕ್ಯ. ಮೂರನೆಯ ಗುಂಪಿಗೆ ಆಯಾ ಉಪಾಧ್ಯಾಯರು ತಮಗೆ ತೋಚಿದಂತೆ ಬರೆದ ಮಾತು. ಮುಂದಿನ ಪರೀಕ್ಷೆಯಲ್ಲಿ ಮೂರನೆಯ ಗುಂಪು ಎಲ್ಲರಿಗಿಂತ ಮೇಲಾಯಿತು; ಎರಡನೆಯದು ಮೊದಲನೆಯದಕ್ಕಿಂತ ಮೇಲಾಯಿತು. ಉಪಾಧ್ಯಾಯರ ಒಂದೆರಡು ಮಾತು ವ್ಯರ್ಥವಲ್ಲವೆಂದು ಇದರಿಂದ ಸಿದ್ಧವಾಯಿತೆಂದು ಎಲ್ಲರೂ ಸಂತೋಷಪಟ್ಟರು.

ಪ್ರಯೋಗದ ಅಚ್ಚುಕಟ್ಟನ್ನು ನಾವೂ ಮೆಚ್ಚುತ್ತೇವೆ. ಆದರೆ ಅದು ಅಳೆದದ್ದು ಮುಂದಿನ ಪರೀಕ್ಷೆಯ ಅಂಕವನ್ನು. ವಿದ್ಯಾರ್ಥಿಗಳು ಆ ವಾಕ್ಯಗಳನ್ನು ಓದಿ ಏನೆಂದುಕೊಂಡರು ಎಂಬುದು ಅಲ್ಲಿ ಅಳತೆಗೆ ಬರಲಿಲ್ಲ. ಎರಡನೆಯ ಗುಂಪಿನ ಮಾತುಗಳಾದರೋ ವಿಷಯಕ್ಕೆ ಸಂಬಂಧಿಸಿದವೇ ಅಲ್ಲ. ಯಾವ ತಪ್ಪು, ಎಲ್ಲಿ, ಹೇಗೆ ಎಂಬುದೊಂದೂ ಅವುಗಳಲ್ಲಿ ಇರಲಿಲ್ಲ. ಹಾಗಿದ್ದೂ ಅವು ಕೆಲಸಮಾಡಿದುವೆಂದರೆ, ಕೆಲಸಮಾಡಿದ್ದು ಮಾತಿನ ಅರ್ಥವಲ್ಲ, ಮಾತು ತನಗಾಗಿ ಬಂದಿತೆಂಬ ಭಾವನೆ. ತನ್ನ ಕಾಗದವನ್ನು ಯಾರೋ ನಿಜವಾಗಿ ಓದಿದರೆಂಬ ತಿಳಿವಳಿಕೆಯೇ ಬಲವಾಗಿ ಪರಿಣಮಿಸಿರಬೇಕೆಂದು ನಮ್ಮ ಊಹೆ. ಅವರೆಲ್ಲರೂ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳೆಂಬುದನ್ನೂ ಮರೆಯಬಾರದು. ಎಳೆಯ ಮಕ್ಕಳಿಗೆ ಆ ಫಲಿತಾಂಶವನ್ನು ನೇರವಾಗಿ ಅಂಟಿಸುವುದು ಸರಿಯಲ್ಲ. ಪ್ರಾಸಂಗಿಕವಾಗಿ ಇನ್ನೊಂದು ಮಾತು. ಉಪಾಧ್ಯಾಯರ ಕೈಬರಹದ ಬೆಲೆಯನ್ನು ತೋರಿಸಿಕೊಟ್ಟ ಇದೇ ಪೇಜ್ ಅವರು ೧೯೬೬ರ ಹೊತ್ತಿಗೆ ಪ್ರಬಂಧಗಳಿಗೆ ಗಣಕಯಂತ್ರದಿಂದಲೇ ಅಂಕ ಕೊಡಿಸುವ ಯೋಜನೆಯನ್ನು ಕೈಗೊಂಡಿದ್ದರು. ಇಂದು ಯಂತ್ರಗಳು ಅಂಕವನ್ನಷ್ಟೇ ಅಲ್ಲದೆ ಅಂಚಿನ ಮಾತನ್ನೂ ಬರೆದುಕೊಡುತ್ತಿವೆ. ತನ್ನ ಪುಟವನ್ನು ಓದಿದವರು ಯಾರೂ ಇಲ್ಲವೆಂದು ತಿಳಿದ ಮೇಲೂ ಮಗು ಆ ಮಾತನ್ನು ಅದೇ ಮನಸ್ಸಿನಿಂದ ಓದೀತೇ ಎಂಬ ಪ್ರಶ್ನೆ ೧೯೫೮ರ ಪ್ರಯೋಗದೊಳಗೇ ಅಡಗಿತ್ತು.

ಮುಂದಣ ಸಂಶೋಧನೆಗಳು ಈ ಸಂತೋಷವನ್ನು ಬಹಳ ಮಟ್ಟಿಗೆ ತಗ್ಗಿಸಿದುವು. ೧೯೮೮ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಅವರು ಐದು, ಆರನೆಯ ತರಗತಿಗಳ ಮಕ್ಕಳಲ್ಲಿ ಕೆಲವರಿಗೆ ಅಂಕವನ್ನೂ ಕೆಲವರಿಗೆ ಕೆಲಸವನ್ನು ಕುರಿತ ಟಿಪ್ಪಣಿಯನ್ನೂ ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಟಿಪ್ಪಣಿ ಮಾತ್ರ ಪಡೆದವರ ಆಸಕ್ತಿಯೂ ಸಾಧನೆಯೂ ಮೇಲಾದುವು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಂತೆಯೇ ಉಳಿದರು. ಅಂಕ ಪಕ್ಕದಲ್ಲಿದ್ದರೆ ಟಿಪ್ಪಣಿ ಬಲಗುಂದುತ್ತದೆಯೆಂದು ಇದರ ತಾತ್ಪರ್ಯ. ೧೯೯೬ರಲ್ಲಿ ಕ್ಲುಗರ್ ಮತ್ತು ಡಿನಿಸಿ ಎಂಬ ವಿದ್ವಾಂಸರು ಅದುವರೆಗಿನ ಪ್ರಯೋಗಗಳಿಂದ ೬೦೭ ಪರಿಣಾಮಗಳನ್ನು ಒಟ್ಟುಮಾಡಿ ಲೆಕ್ಕಹಾಕಿದಾಗ, ಸರಾಸರಿಯಲ್ಲಿ ಹಿಮ್ಮಾಹಿತಿ ಲಾಭಕರವೆಂದು ಕಂಡರೂ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅದು ಸಾಧನೆಯನ್ನು ಕುಗ್ಗಿಸಿತ್ತು. ಗಮನವನ್ನು ಕೆಲಸದಿಂದ ತಪ್ಪಿಸಿ ಕೆಲಸಮಾಡಿದವನ ಕಡೆಗೆ ತಿರುಗಿಸುವ ಮಾತುಗಳಲ್ಲಿ ಈ ಅಪಾಯ ಹೆಚ್ಚು. ಹೊಗಳಿಕೆಯೂ ಇದಕ್ಕೆ ಹೊರತಲ್ಲವೆಂದು ೧೯೯೮ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಅವರು ತೋರಿಸಿದರು: ಜಾಣನೆಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಕಷ್ಟವಾದ ಕೆಲಸ ಬಂದಾಗ ಹಿಂಜರಿದರು, ಶ್ರಮಪಟ್ಟೆಯೆಂದು ಹೊಗಳಿಸಿಕೊಂಡವರು ಹಿಂಜರಿಯಲಿಲ್ಲ.

ಇವೆಲ್ಲವೂ ಮಗುವಿನ ನಡತೆಯಿಂದ ಮಗುವಿನ ಮನಸ್ಸನ್ನು ಊಹಿಸುವ ಪ್ರಯತ್ನಗಳು. ಮಕ್ಕಳನ್ನೇ ಕೇಳಿದವರಲ್ಲಿ ಇಂಗ್ಲೆಂಡಿನ ಪ್ಯಾಟ್ ಟನ್ಸ್ಟಾಲ್ ಮತ್ತು ಕ್ಯಾರೊಲೀನ್ ಗಿಪ್ಸ್ ಅವರು ಮುಖ್ಯರು. ೧೯೯೬ರಲ್ಲಿ ಪ್ರಕಟವಾದ ಅವರ ಲೇಖನಗಳು ಆರೇಳು ವರ್ಷದ ಮಕ್ಕಳ ತರಗತಿಗಳಿಗೆ ಸಂಬಂಧಿಸಿದುವು. ಉಪಾಧ್ಯಾಯರ ಮಾತುಗಳನ್ನು ಅವರು ಒಂದು ತುದಿಯಲ್ಲಿ ಬಹುಮಾನ ದಂಡನೆಗಳಿಂದ ಹಿಡಿದು, ಮೆಚ್ಚುಗೆ ಅಸಮ್ಮತಿಗಳನ್ನು ದಾಟಿ, ಸಾಧಿಸಿದ್ದನ್ನೂ ಸುಧಾರಿಸಬೇಕಾದುದನ್ನೂ ನಿರ್ದಿಷ್ಟವಾಗಿ ಹೇಳುವುದು, ಕೊನೆಗೆ ಮಗುವಿನೊಡನೆ ಕುಳಿತು ಮುಂದಿನ ದಾರಿಯನ್ನು ಕಟ್ಟುವುದು ಎಂಬಲ್ಲಿಯವರೆಗೆ ವಿಂಗಡಿಸಿದರು. ಮೊದಲಿನವು ತೀರ್ಪುಗಳು, ಕೊನೆಯವು ವಿವರಣೆಗಳು. ಈ ವಿಂಗಡಣೆ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಕ್ಕಳ ಮುಂದಿಟ್ಟ ಪ್ರಶ್ನೆಯನ್ನು ನಾವು ಒಪ್ಪಲಾರೆವು. ನಿನ್ನ ಕೆಲಸ ಉತ್ತಮವಾಗಲು ನಿನ್ನ ಉಪಾಧ್ಯಾಯರು ಹೇಗೆ ನೆರವಾಗುತ್ತಾರೆ ಎಂದು ಕೇಳುವುದರಲ್ಲಿ, ಅವರು ನೆರವಾಗುತ್ತಾರೆ ಎಂಬ ಉತ್ತರ ಆಗಲೇ ಸೇರಿದೆ. ಆರು ವರ್ಷದ ಮಗು, ಅದೂ ದೊಡ್ಡವರು ಕೇಳುವಾಗ, ಆ ಉತ್ತರವನ್ನು ನಿರಾಕರಿಸುವುದು ದುರ್ಲಭ. ಜಾನ್ ಹೋಲ್ಟ್ ಅವರು ೧೯೬೪ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಮಕ್ಕಳು ಲೆಕ್ಕವನ್ನು ನೋಡುವುದಕ್ಕಿಂತ ಉಪಾಧ್ಯಾಯರ ಮುಖವನ್ನು ನೋಡಿ ಉತ್ತರ ಹುಡುಕುವ ಬಗೆಯನ್ನು ವಿವರಿಸಿರುವರು. ಸಂಶೋಧಕರ ಮುಖವನ್ನೂ ಮಕ್ಕಳು ಹಾಗೆಯೇ ಓದುತ್ತಾರೆ.

ಯಾರೂ ಕೇಳದೆ, ಯಾರ ಮುಖವನ್ನೂ ನೋಡದೆ, ವಿದ್ಯಾರ್ಥಿಗಳೇ ಹೇಳಿದ ಮಾತಿಗೆ ಒಂದು ದೊಡ್ಡ ಉದಾಹರಣೆ ಇದೆ. ಇಟಲಿಯ ಫ್ಲಾರೆನ್ಸಿನ ಸಮೀಪದ ಗುಡ್ಡಗಾಡಿನ ಬಾರ್ಬಿಯಾನ ಎಂಬಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿಗಳು ನಡೆಸುತ್ತಿದ್ದ ಪುಟ್ಟ ಶಾಲೆಯ ಎಂಟು ಹುಡುಗರು, ತಮ್ಮವರನ್ನು ಅನುತ್ತೀರ್ಣಗೊಳಿಸಿದ ಶಿಕ್ಷಕಿಗೆ ಬರೆದ ದೀರ್ಘ ಪತ್ರ ೧೯೬೭ರಲ್ಲಿ ಪುಸ್ತಕವಾಗಿ ಹೊರಬಂದಿತು. ಅದರ ಸಿಟ್ಟನ್ನೂ ಅಂಕಿ ಅಂಶಗಳನ್ನೂ ಅನೇಕರು ಚರ್ಚಿಸಿದ್ದಾರೆ. ನಮ್ಮ ದೃಷ್ಟಿಗೆ ಹೆಚ್ಚು ಬೆಲೆಯುಳ್ಳದ್ದು, ಆ ಪತ್ರವನ್ನು ಬರೆದ ಕ್ರಮ. ಹುಡುಗರು ತಮ್ಮ ವಿಚಾರಗಳನ್ನು ಚೀಟಿಗಳಲ್ಲಿ ಬರೆದು, ಒಟ್ಟುಗೂಡಿಸಿ, ವಿಂಗಡಿಸಿ, ಒಂದೊಂದು ಮಾತನ್ನೂ ಎಲ್ಲರೂ ಕೂಡಿ ತೂಗಿ, ಬೇಡವಾದುದನ್ನು ಕಿತ್ತುಹಾಕಿ, ಆಮೇಲೆ ಹೊರಗಿನವರಿಗೆ ಓದಿಸಿ ಅರ್ಥವಾಗದ ಕಡೆ ಮತ್ತೆ ತಿದ್ದಿದರು. ಅಲ್ಲಿ ತಿದ್ದುಪಡಿ ಕೆಲಸದ ನಡುವೆ ಬಂದಿತು, ಕೆಲಸ ಮುಗಿದ ಮೇಲೆ ಅಲ್ಲ. ತಿದ್ದಿದ ಕೈ ಬರೆದವರದೇ ಆಗಿತ್ತು. ಕೆಂಪು ಶಾಯಿಯನ್ನು ಅಷ್ಟು ಕಟುವಾಗಿ ಖಂಡಿಸಿದ ಹುಡುಗರು ತಿದ್ದುವುದರಲ್ಲಿ ಯಾವ ಉಪಾಧ್ಯಾಯರಿಗಿಂತಲೂ ನಿಷ್ಠುರರಾಗಿದ್ದರು. ಮಕ್ಕಳಿಗೆ ತಿದ್ದುಪಡಿ ಬೇಡ, ಅವರು ಹೊಗಳಿಕೆಯನ್ನು ಮಾತ್ರ ಬಯಸುತ್ತಾರೆ ಎಂಬ ಇತ್ತೀಚಿನ ಮೃದುವಾದಕ್ಕೆ ಇದೊಂದು ಒಳ್ಳೆಯ ಉತ್ತರ.

ಇಲ್ಲಿಗೆ ಬಂದಾಗ ನಮ್ಮ ಭಾಷೆಯ ಪದವೊಂದು ನಮಗೆ ನೆರವಾಗುತ್ತದೆ. 'ಹಿಮ್ಮಾಹಿತಿ' ಎಂಬುದು ಉಪಾಧ್ಯಾಯರ ತರಬೇತಿ ಕಾಲೇಜಿನ ಮಾತು. ಶಾಲೆಯ ಮಾತು 'ತಿದ್ದು'. ಹಳಗನ್ನಡದಲ್ಲಿ 'ತಿರ್ದು' ಎಂದಿದ್ದ ಈ ಧಾತುವಿಗೆ ಎರಡು ಪ್ರಯೋಗಗಳಿವೆ. ತಪ್ಪನ್ನು ಸರಿಪಡಿಸುವುದು ಒಂದು. ಬರೆದುಕೊಟ್ಟ ಅಕ್ಷರದ ಮೇಲೆ ಮತ್ತೆ ಮತ್ತೆ ಕೈಯಾಡಿಸಿ ಕಲಿಯುವುದು ಇನ್ನೊಂದು. ಮೊದಲನೆಯದರಲ್ಲಿ ಕರ್ತೃ ಉಪಾಧ್ಯಾಯರು. ಎರಡನೆಯದರಲ್ಲಿ ಕರ್ತೃ ಮಗು. ಮಗು ಅಕ್ಷರ ತಿದ್ದುತ್ತಿದೆ ಎಂದು ಹಿಂದಿನವರು ಹೇಳಿದರೆ ಅದು ಕಲಿಯತೊಡಗಿದೆಯೆಂದು ಅರ್ಥ. ಕೂಲಿಮಠಗಳ ಕಾಲದಲ್ಲಿ ಐಗಳು ಮರಳಿನ ಮೇಲೆ ಅಕ್ಷರ ಬರೆದುಕೊಡುವರು, ಮಗು ಅದರ ಮೇಲೆ ಬೆರಳಾಡಿಸುವುದು. ಮುಂದೆ ಹಲಗೆ ಬಳಪ ಬಂದಾಗಲೂ ಕ್ರಮ ಅದೇ. ಸಾಲಾಗಿ ಬರೆಯುವ ಹಂತಕ್ಕೆ ಬಂದಾಗ ಮೇಲುಗಡೆ ಉಪಾಧ್ಯಾಯರು ಒಂದು ಪಂಕ್ತಿ ಬರೆದುಕೊಡುವರು. ಕೆಳಗೆ ಮಗು ಅದನ್ನು ನೋಡಿಕೊಂಡು ಬರೆಯುವುದು. ಈ ಮೇಲಿನ ಪಂಕ್ತಿಯೇ 'ಮೇಲ್ಪಂಕ್ತಿ'. ಇಂದು ನಾವು ಆ ಪದವನ್ನು ಆದರ್ಶವೆಂಬ ಅರ್ಥದಲ್ಲಿ ಸಭೆಗಳಲ್ಲಿ ಬಳಸುತ್ತ ಅದರ ಶಾಲೆಯ ಮೂಲವನ್ನು ಮರೆತಿದ್ದೇವೆ. ಸ್ಯಾಡ್ಲರ್ ಅವರು ೧೯೮೯ರಲ್ಲಿ ಬಹಳ ಪುಟಗಳಲ್ಲಿ ಹೇಳಿದುದು ಈ ಪದದೊಳಗೆ ಇದೆ: ಗುರಿ ಯಾವುದೆಂಬುದು ಮಗುವಿನ ಕಣ್ಣಮುಂದೆಯೇ ಇರಬೇಕು, ತನ್ನ ಸಾಲಿಗೂ ಮೇಲಿನ ಸಾಲಿಗೂ ಇರುವ ಅಂತರವನ್ನು ಮಗು ತಾನೇ ನೋಡಬೇಕು.

ಹಾಗೆಂದು ಕೂಲಿಮಠವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಬೆತ್ತ, ಕೋದಂಡಗಳನ್ನು ಮರೆತು ಆ ಕಾಲವನ್ನು ಕೊಂಡಾಡುವುದು ಅನ್ಯಾಯ. ಅಲ್ಲದೆ ಮೇಲ್ಪಂಕ್ತಿಯ ಕ್ರಮ ನಕಲಿಗೆ ಸರಿ. ಸ್ವಂತ ಪ್ರಬಂಧಕ್ಕೆ ಮೇಲ್ಪಂಕ್ತಿ ಯಾವುದು? ನಮ್ಮ ಹಸುವಿನ ಮೇಲೆ, ನಮ್ಮೂರ ಜಾತ್ರೆಯ ಮೇಲೆ ಹತ್ತು ವಾಕ್ಯ ಬರೆಯೆಂದಾಗ ಮಗುವಿನ ಕಣ್ಣಮುಂದೆ ಏನೂ ಇರುವುದಿಲ್ಲ, ಬೋರ್ಡಿನ ಮೇಲೆ ಬರೆದುಕೊಟ್ಟ ಪ್ರಬಂಧವೊಂದರ ಹೊರತು. ಇದ್ದರೆ ಅದನ್ನೇ ಇಳಿಸಿಕೊಳ್ಳುತ್ತದೆ; ಇಲ್ಲದಿದ್ದರೆ ಕತ್ತಲೆಯಲ್ಲಿ ನಡೆಯುತ್ತದೆ. ಎರಡು ಬಗೆಯಲ್ಲಿಯೂ ಅಂಚಿನ ಟಿಪ್ಪಣಿಗೆ ಎಡೆಯಿಲ್ಲ.

ಬರೆಯುವ ವಸ್ತುವಿನ ಬದಲಾವಣೆಯನ್ನೂ ಇಲ್ಲಿ ಗಮನಿಸಬೇಕು. ಮರಳಿನ ಮೇಲೆ, ಸ್ಲೇಟಿನ ಮೇಲೆ ಮಾಡಿದ ತಪ್ಪು ಅಂಗೈಯ ಒಂದು ಒರಸಿಗೆ ಅಳಿದುಹೋಗುತ್ತಿತ್ತು. ತಪ್ಪೂ ಹೋಗುತ್ತಿತ್ತು, ತಿದ್ದಿದುದೂ ಹೋಗುತ್ತಿತ್ತು. ಕೈಗೆ ಹತ್ತಿದುದು ಮಾತ್ರ ಉಳಿಯುತ್ತಿತ್ತು. ಕಾಗದದ ಪುಸ್ತಕದಲ್ಲಿ ತಪ್ಪು ನಿಲ್ಲುತ್ತದೆ, ಅದರ ಸುತ್ತ ಹಾಕಿದ ಕೆಂಪು ವೃತ್ತವೂ ನಿಲ್ಲುತ್ತದೆ. ತಂದೆತಾಯಿಗಳು ನೋಡುತ್ತಾರೆ, ಮುಖ್ಯೋಪಾಧ್ಯಾಯರು ನೋಡುತ್ತಾರೆ, ತನಿಖೆಗೆ ಬಂದ ಅಧಿಕಾರಿಗಳು ನೋಡುತ್ತಾರೆ. ಪುಸ್ತಕಗಳನ್ನು ತಿದ್ದಲಾಗಿದೆಯೇ ಎಂಬುದು ಇಂದಿಗೂ ಶಾಲಾ ಭೇಟಿಯಲ್ಲಿ ಕೇಳುವ ಪ್ರಶ್ನೆ. ಆದುದರಿಂದ ಕೆಂಪು ಶಾಯಿ ಮಗುವನ್ನು ಸಂಬೋಧಿಸುವಂತೆ ಕಂಡರೂ ನಿಜವಾಗಿ ಬೇರೊಬ್ಬರಿಗೆ ಸಲ್ಲಿಸಿದ ಲೆಕ್ಕವಾಗಿರುತ್ತದೆ. 'ನೋಡಿದೆ' ಎಂದು ಬರೆದು ಹಾಕುವ ಸಹಿ ಮಗುವಿಗೆ ಯಾವ ಸಂಗತಿಯನ್ನು ತಿಳಿಸುತ್ತದೆ? ಅದು ಉಪಾಧ್ಯಾಯರ ದಿನಚರಿಯ ಒಂದು ನಮೂದು. ಮಕ್ಕಳಿಗೆ ಇದು ತಿಳಿಯದೆಂದು ಭಾವಿಸುವುದು ತಪ್ಪು. ಅಧಿಕಾರಿಗಳು ಬರುವ ಹಿಂದಿನ ದಿನ ಪುಸ್ತಕಗಳೆಲ್ಲ ಒಮ್ಮೆಗೇ ಕೆಂಪಾಗುವುದನ್ನು ಅವು ನೋಡಿಯೇ ಇರುತ್ತವೆ.

ಈ ಗುರುತುಗಳಿಗೆ ಮಕ್ಕಳು ಇಟ್ಟಿರುವ ಹೆಸರುಗಳನ್ನು ಕೇಳಿದರೆ ಅವುಗಳ ಓದು ಸ್ವಲ್ಪ ತಿಳಿಯುತ್ತದೆ. ಸರಿ ಚಿಹ್ನೆ 'ರೈಟು', ತಪ್ಪು ಚಿಹ್ನೆ 'ಇಂಟು'. ಉಪಾಧ್ಯಾಯರು 'ಗುಡ್ ಹಾಕಿದರು' ಎನ್ನುತ್ತವೆ. 'ಗುಡ್' ಎಂದು ಬರೆದರು ಎನ್ನುವುದಿಲ್ಲ. ಹಾಕುವುದು ಮುದ್ರೆಯನ್ನು, ಬೊಟ್ಟನ್ನು, ಅಂಕವನ್ನು. ಮಗುವಿನ ಪಾಲಿಗೆ ಅದು ಓದಬೇಕಾದ ಮಾತಲ್ಲ, ಎಣಿಸಬೇಕಾದ ವಸ್ತು. ಪುಸ್ತಕ ಕೈಗೆ ಬಂದೊಡನೆ ಮಕ್ಕಳು ಮೊದಲು ತಮ್ಮದನ್ನು ನೋಡಿ, ಆ ಕೂಡಲೆ ಪಕ್ಕದವರದನ್ನು ನೋಡಿ, ಪುಟ ಮಗುಚುವುದನ್ನು ಕಾಣದ ಉಪಾಧ್ಯಾಯರಿಲ್ಲ. ಇನ್ನೊಂದು ವಿಚಿತ್ರವನ್ನೂ ಹೇಳಬಹುದು. ಕನ್ನಡ ಮಾಧ್ಯಮದ ಶಾಲೆಗಳಲ್ಲಿಯೂ ಬಹುಮಟ್ಟಿಗೆ ಹೊಗಳಿಕೆ ಇಂಗ್ಲಿಷಿನಲ್ಲಿ, ಆಕ್ಷೇಪಣೆ ಕನ್ನಡದಲ್ಲಿ. 'ವೆರಿ ಗುಡ್' ಒಂದು ಕಡೆ. 'ಅಕ್ಷರ ಸುಧಾರಿಸು', 'ಗಮನವಿಟ್ಟು ಬರೆ' ಇನ್ನೊಂದು ಕಡೆ. ಯಾವ ಭಾಷೆಯಲ್ಲಿ ಮರ್ಯಾದೆ ದೊರೆಯುತ್ತದೆಯೆಂಬ ಪಾಠವನ್ನೂ ಮಗು ಈ ಅಂಚಿನಿಂದಲೇ ಕಲಿಯುತ್ತದೆ.

ಕನ್ನಡದ ತಪ್ಪುಗಳ ವಿಷಯದಲ್ಲಿ ಕೆಂಪು ವೃತ್ತದ ದೋಷ ಇನ್ನೂ ಗಹನವಾದುದು. ಮಗುವಿನ ಬರಹದಲ್ಲಿ ಬರುವ ತಪ್ಪುಗಳು ಒಂದೇ ಜಾತಿಯವಲ್ಲ. 'ಅಮ್ಮ' ಎನ್ನುವುದನ್ನು 'ಅಮ' ಎಂದು ಬರೆದರೆ ಅದು ಒತ್ತು ಬಿಟ್ಟುಹೋದ ಕಣ್ತಪ್ಪು. ಮಗುವಿಗೆ ಓದಿ ನೋಡೆಂದರೆ ತಾನೇ ಹಿಡಿಯುತ್ತದೆ. ಹಳೆಯ ಮೈಸೂರಿನ ಕಡೆಯ ಮಗು 'ಅಕ್ಕಿ ಹಾರಿತು' ಎಂದು ಬರೆದರೆ ಅದು ಕಣ್ತಪ್ಪಲ್ಲ. ಆ ಮಗುವಿನ ಮನೆಯಲ್ಲಿ ಹಕ್ಕಿಯೂ ಅಕ್ಕಿಯೂ ಕಿವಿಗೆ ಒಂದೇ. ಎಷ್ಟು ಸಲ ಓದಿ ನೋಡಿದರೂ ತಪ್ಪು ಕೇಳಿಸುವುದಿಲ್ಲ. 'ಭಾಷೆ' ಎಂಬುದನ್ನು 'ಬಾಶೆ' ಎಂದು ಬರೆಯುವ ಮಗುವಾದರೋ ತನ್ನ ಉಪಾಧ್ಯಾಯರು ಉಚ್ಚರಿಸಿದುದನ್ನೇ ಪ್ರಾಮಾಣಿಕವಾಗಿ ಬರೆದಿರಬಹುದು. ಕನ್ನಡಿಗರ ಆಡುಮಾತಿನಲ್ಲಿ ಇಲ್ಲದ ಮಹಾಪ್ರಾಣಗಳನ್ನು ಬರಹದಿಂದಲೂ ಬಿಡಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದುದು ಪ್ರಸಿದ್ಧವಾಗಿದೆ. ಅವರ ಪರಿಹಾರವನ್ನು ನಾವು ಒಪ್ಪದಿರಬಹುದು. ಆದರೆ ಮಗುವಿನ ಕಷ್ಟ ಅಜಾಗರೂಕತೆಯಿಂದ ಹುಟ್ಟಿದುದಲ್ಲವೆಂಬ ಅವರ ವಾದದ ತಳಹದಿಯನ್ನು ಅಲ್ಲಗಳೆಯಲಾಗದು. ಇನ್ನು ಧಾರವಾಡದ ಕಡೆಯ ಮಗು 'ಮಳಿ ಬರತೈತಿ' ಎಂದೂ ಮಂಡ್ಯದ ಕಡೆಯದು 'ನಾನು ಬತ್ತೀನಿ' ಎಂದೂ ಬರೆದರೆ ಅವು ಯಾವ ಅರ್ಥದಲ್ಲಿಯೂ ತಪ್ಪಲ್ಲ. ಗ್ರಂಥಭಾಷೆ ಬೇರೆ, ಮನೆಯ ಭಾಷೆ ಬೇರೆ ಎಂಬುದಷ್ಟೇ ಅಲ್ಲಿನ ವಿಷಯ.

ಈ ನಾಲ್ಕಕ್ಕೂ ಒಂದೇ ಕೆಂಪು ವೃತ್ತ. ಮೊದಲನೆಯದನ್ನು ಮಗು ತಿದ್ದಿಕೊಂಡೀತು. ಎರಡನೆಯ, ಮೂರನೆಯವುಗಳಲ್ಲಿ ವೃತ್ತ ಏನನ್ನು ಹೇಳುತ್ತಿದೆಯೆಂದು ಅದಕ್ಕೆ ಗೊತ್ತಾಗುವುದಿಲ್ಲ. ತನಗೆ ಕನ್ನಡ ಬಾರದು ಎಂದು ಮಾತ್ರ ಗೊತ್ತಾಗುತ್ತದೆ. ನಾಲ್ಕನೆಯದರಲ್ಲಿ ತನ್ನ ತಾಯಿ ಮಾತನಾಡುವುದು ತಪ್ಪೆಂದು ಅರ್ಥಮಾಡಿಕೊಳ್ಳುತ್ತದೆ. ಉಪಾಧ್ಯಾಯರು ಹಾಗೆ ಹೇಳಬೇಕೆಂದು ಕನಸಿನಲ್ಲಿಯೂ ನೆನೆಸಿರಲಾರರು. ಆದರೆ ವೃತ್ತಕ್ಕೆ ಇಂಗಿತವಿಲ್ಲ, ಓದುವವನಿಗಿದೆ. ತುಳು, ಕೊಂಕಣಿ, ಲಂಬಾಣಿ, ಉರ್ದು ಮನೆಗಳಿಂದ ಬರುವ ಮಕ್ಕಳ ವಿಷಯವನ್ನಂತೂ ಬೇರೆಯಾಗಿಯೇ ವಿಚಾರಿಸಬೇಕು. ಮುಂದೆ ಇಂತಹ ಮಕ್ಕಳು ಏನುಮಾಡುತ್ತವೆಂಬುದು ಶಾಲೆಗಳನ್ನು ಬಲ್ಲವರಿಗೆ ಹೊಸದಲ್ಲ. ಚಿಕ್ಕ ಚಿಕ್ಕ ವಾಕ್ಯಗಳನ್ನೇ ಬರೆಯತೊಡಗುತ್ತವೆ, ಗೊತ್ತಿರುವ ಹತ್ತು ಪದಗಳಲ್ಲೇ ಸುತ್ತುತ್ತವೆ. ಪುಟದಲ್ಲಿ ಕೆಂಪು ಕಡಮೆಯಾಗುತ್ತದೆ. ಉಪಾಧ್ಯಾಯರು ಪ್ರಗತಿಯಾಯಿತೆಂದು ತಿಳಿಯುತ್ತಾರೆ. ನಮ್ಮ ವಿಷಯದಲ್ಲಿ ಅತ್ಯಂತ ಕಳವಳಪಡಬೇಕಾದ ಸ್ಥಳ ಇದೇ ಎಂದು ನಮಗೆ ತೋರುತ್ತದೆ.

ತಪ್ಪು ಬರೆದ ಪದವನ್ನು ಹತ್ತು ಸಲ ಬರೆಯಿಸುವ ರೂಢಿಯ ಬಗೆಗೂ ಎರಡು ಮಾತು ಹೇಳಬೇಕು. ಇದನ್ನು ಮಕ್ಕಳು ಪೂರೈಸುವ ಬಗೆಯನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಬೇಕು. 'ಹಕ್ಕಿ' ಎಂದು ಹತ್ತು ಸಲ ಬರೆಯೆಂದರೆ ಮೇಲಿನಿಂದ ಕೆಳಕ್ಕೆ ಹತ್ತು 'ಹ'ಕಾರಗಳನ್ನು ಬರೆದು, ಮತ್ತೆ ಮೇಲಿನಿಂದ ಹತ್ತು 'ಕ್ಕಿ'ಗಳನ್ನು ಇಳಿಸುತ್ತವೆ. ಹತ್ತು ಸಲ ಬರೆದಂತಾಯಿತು. ಆ ಪದವನ್ನು ಒಂದು ಸಲವೂ ಬರೆಯಲಿಲ್ಲ. ಇದು ಸೋಮಾರಿತನವಲ್ಲ, ಸರಿಯಾದ ವ್ಯಾಖ್ಯಾನ. ಉಪಾಧ್ಯಾಯರು ಕೇಳಿದುದು ಪದವನ್ನಲ್ಲ, ಹತ್ತು ಸಾಲುಗಳನ್ನು ಎಂದು ಮಗು ಓದಿಕೊಂಡಿದೆ, ಕೇಳಿದುದನ್ನು ಕೊಟ್ಟಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತ ಹೋದ ಮೇಲೆ ಅದು ಮಾಡುತ್ತಿದ್ದ ಕೆಲಸವನ್ನು ಈ ಹತ್ತು ಸಾಲುಗಳ ಮೇಲೆ ಹೊರಿಸಲಾಗಿದೆಯೋ ಏನೋ.

ಉಪಾಧ್ಯಾಯರನ್ನು ದೂರುವುದು ಸುಲಭ. ಅದೇ ಕಾಯಿದೆ ಹಿರಿಯ ಪ್ರಾಥಮಿಕ ಹಂತಕ್ಕೆ ಗೊತ್ತುಪಡಿಸಿದ ಪ್ರಮಾಣದಂತೆ ತರಗತಿಗೆ ೩೫ ಮಕ್ಕಳೆಂದು ಹಿಡಿದರೂ, ಮೂರು ತರಗತಿಗಳಿಗೆ ಕನ್ನಡ ಹೇಳುವವರ ಮುಂದೆ ೧೦೫ ಪ್ರಬಂಧಗಳು ಬರುತ್ತವೆ. ಒಂದೊಂದಕ್ಕೆ ಐದೇ ನಿಮಿಷ ಎಂದುಕೊಂಡರೂ ಒಟ್ಟು ೫೨೫ ನಿಮಿಷ, ಎಂದರೆ ಎಂಟು ಮುಕ್ಕಾಲು ಗಂಟೆ. ಇಷ್ಟು ಶ್ರಮದ ಕೊನೆಯಲ್ಲಿ ಮಗು ಪುಟ ಮಗುಚಿದರೆ ನಷ್ಟ ಇಬ್ಬರಿಗೂ.

ಕರ್ನಾಟಕದಲ್ಲಿಯೇ ಇದಕ್ಕೆ ಬೇರೆಯಾದ ಒಂದು ಪ್ರಯತ್ನ ನಡೆದಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿಬಂದ ಉಪಾಧ್ಯಾಯರು ಆರಂಭಿಸಿದ 'ನಲಿಕಲಿ', ೨೦೦೯-೧೦ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಅಲ್ಲಿ ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟುಕುವ ಹಲಗೆ. ಬರೆದು ಒರಸಿ ಮತ್ತೆ ಬರೆಯಬಹುದು. ಕಲಿಕೆಯ ಏಣಿಯ ಮೇಲೆ ತಾನು ಯಾವ ಮೆಟ್ಟಿಲಲ್ಲಿ ಇದ್ದೇನೆಂದು ಮಗು ತಾನೇ ನೋಡಿ, ಮುಂದಿನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಉಪಾಧ್ಯಾಯರ ಹೆಚ್ಚಿನ ನೆರವು ಬೇಕಾದವರು, ಗೆಳೆಯರ ನೆರವು ಸಾಕಾದವರು, ಸ್ವತಂತ್ರವಾಗಿ ಕಲಿಯುವವರು ಎಂದು ಗುಂಪುಗಳಾಗುತ್ತವೆ. ಮರಳು, ಮೇಲ್ಪಂಕ್ತಿಗಳ ಗುಣ ಇಲ್ಲಿ ಬೆತ್ತವಿಲ್ಲದೆ ಮರಳಿ ಬಂದಂತೆ ಕಾಣುತ್ತದೆ. ಆದರೂ ಏಣಿಯ ವಿಷಯದಲ್ಲಿ ಒಂದು ಶಂಕೆ ನಮಗಿದೆ. ಏಣಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ನಾನು ಎಲ್ಲಿದ್ದೇನೆ ಎಂಬುದರೊಡನೆ ಯಾರ ಹಿಂದೆ ಇದ್ದೇನೆ ಎಂಬುದೂ ಕಾಣುತ್ತದೆ. ಬಟ್ಲರ್ ಅವರ ಅಂಕಗಳು ಇಲ್ಲಿ ಮೆಟ್ಟಿಲ ವೇಷದಲ್ಲಿ ಬರಬಹುದು. ಮೇಲಿನ ತರಗತಿಗಳಲ್ಲಿ ನಿರಂತರ ವ್ಯಾಪಕ ಮೌಲ್ಯಮಾಪನದ ಹೆಸರಿನಲ್ಲಿ ಅಂಕಗಳ ಸ್ಥಾನಕ್ಕೆ ಶ್ರೇಣಿಗಳು ಬಂದಾಗಲೂ ಹೀಗೆಯೇ ಆಯಿತು. ಮಕ್ಕಳು ಶ್ರೇಣಿಯನ್ನೇ ಅಂಕವಾಗಿ ಓದಿಕೊಂಡರು; ವಿವರಣೆಯ ಭಾಗ ಉಪಾಧ್ಯಾಯರ ನಮೂನೆಗಳಲ್ಲಿ ಉಳಿಯಿತು.

ಈ ಸಂಚಿಕೆಯನ್ನು ಓದುವವರಲ್ಲಿ ಹಲವರು ಉಪಾಧ್ಯಾಯರ ತರಬೇತಿಯಲ್ಲ���ಯೇ ಇರುವವರಾದುದರಿಂದ ಒಂದು ಸಣ್ಣ ಕಾರ್ಯಕ್ರಮವನ್ನು ಅವರ ಮುಂದಿಡಲು ಇಚ್ಛಿಸುತ್ತೇವೆ. ಅಭ್ಯಾಸ ಬೋಧನೆಯ ಕಾಲದಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಒಂದು ತರಗತಿಯ ಪುಸ್ತಕಗಳನ್ನು ತಿದ್ದುವುದುಂಟು. ಆ ತಿದ್ದುಪಡಿಯನ್ನು ಮೇಲ್ವಿಚಾರಕರು ನೋಡುವುದೂ ಉಂಟು. ತಿದ್ದಿದ ಪುಸ್ತಕಗಳನ್ನು ಹಿಂದಿರುಗಿಸಿದ ಮರುದಿನ ಐದು ಮಕ್ಕಳನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡು, ಅಂಚಿನ ಮಾತನ್ನು ಗಟ್ಟಿಯಾಗಿ ಓದಿಸಿ, ಈಗ ನೀನೇನು ಮಾಡುತ್ತೀ ಎಂದು ಕೇಳಬೇಕು. ನಿನಗೆ ಅರ್ಥವಾಯಿತೇ ಎಂದು ಕೇಳಬಾರದು, ಆಯಿತೆಂದೇ ಹೇಳುತ್ತಾರೆ. ಮಗು ಹೇಳಿದುದನ್ನು ಅದರ ಮಾತಿನಲ್ಲಿಯೇ, ಆಡುಭಾಷೆಯಾದರೆ ಆಡುಭಾಷೆಯಲ್ಲಿಯೇ, ತನ್ನ ಟಿಪ್ಪಣಿಯ ಎದುರಿಗೆ ಬರೆದುಕೊಳ್ಳಬೇಕು. ಒಂದು ಕಾಲೇಜಿನಲ್ಲಿ ಒಂದು ವರ್ಷ ಇದು ನಡೆದರೆ ಕೆಲವು ನೂರು ಜೊತೆ ವಾಕ್ಯಗಳು ನಮ್ಮ ಕೈಗೆ ಬರುತ್ತವೆ. ಕನ್ನಡ ಮಕ್ಕಳು ಕನ್ನಡ ಉಪಾಧ್ಯಾಯರನ್ನು ಓದುವ ಬಗೆಗೆ ಅಂತಹ ಸಂಗ್ರಹವೊಂದು ಈ ಪುಟಗಳಲ್ಲಿಯೇ ಪ್ರಕಟವಾಗುವುದಾದರೆ, ಮೇಲೆ ನಾವು ಊಹೆಯಿಂದ ಹೇಳಿದ ಮಾತುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ನೋಡಬಹುದು. ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯ ಪುಸ್ತಕದಲ್ಲಿ ಮೇಲ್ವಿಚಾರಕರು ಬರೆಯುವ ಟಿಪ್ಪಣಿಗಳನ್ನೂ ಇದೇ ಕ್ರಮದಿಂದ ಪರೀಕ್ಷಿಸಲು ಅವಕಾಶವಿದೆ. ಅದನ್ನು ಮೊದಲು ಮಾಡಿದರೆ ಇನ್ನೂ ಲೇಸು.